ಹೀಟ್ ಮುಳ್ಳು ನಡುವಿದ್ದರೆ ಎಂಜಿನ್ ತಣ್ಣಗಿದೆಯೇ?

ಮಾಡಿಫೈ ಮಾಡಿದ ಕಾರಿನಲ್ಲಿ ಒಂದೇ ಎಂಜಿನ್‌ಗೆ ಮೂರು ಮೀಟರು ಮೂರು ಲೆಕ್ಕ ಹೇಳುತ್ತವೆ. ಯಾವುದನ್ನು ನಂಬಬೇಕು? ಪರೀಕ್ಷಿಸುವುದು ಹೇಗೆ?

ಭಾನುವಾರ ಬೆಳಗಿನ ಎಂಟು ಗಂಟೆ. ಮದ್ದೂರಿನ ಹಳೆ ಹೆದ್ದಾರಿ ಬದಿಯ ಹೋಟೆಲುಗಳ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ. ನಸುಕಿನಲ್ಲೇ ಬೆಂಗಳೂರು ಬಿಟ್ಟ ಹುಡುಗರು ವಡೆ, ಕಾಫಿಗೆಂದು ಎಕ್ಸ್‌ಪ್ರೆಸ್‌ವೇ ಇಳಿದು ಊರೊಳಗೆ ಬಂದಿದ್ದಾರೆ. ನೆಲಕ್ಕೆ ತಗ್ಗಿಸಿದ ಪೋಲೊ, ದಪ್ಪ ಸೈಲೆನ್ಸರ್‌ನ ಆಕ್ಟೇವಿಯಾ, ಎರಡು ದಶಕ ಕಂಡರೂ ಹೊಳಪು ಮಾಸದ ಹೋಂಡಾ ಸಿಟಿ ವಿಟೆಕ್ ಸಾಲಾಗಿ ನಿಂತಿವೆ. ಅವುಗಳಲ್ಲೊಂದರ ಬಾನೆಟ್ ಎತ್ತಿದೆ, ಫ್ಯಾನ್ ಜೋರಾಗಿ ತಿರುಗುತ್ತಿದೆ. ಒಳಗೆ ಡ್ಯಾಶ್‌ಬೋರ್ಡಿನ ಹೀಟ್ ಮುಳ್ಳು ಸರಿಯಾಗಿ ನಡುವೆ ನಿಂತಿದೆ. ಪಕ್ಕದಲ್ಲಿ ಹೊಸದಾಗಿ ಕೂರಿಸಿದ ಗುಂಡು ಮೀಟರ್ 96 ಡಿಗ್ರಿ ತೋರಿಸುತ್ತಿದೆ. ಮೊಬೈಲಿಗೆ ಜೋಡಿಸಿದ ಸ್ಕ್ಯಾನರ್‌ನಲ್ಲಿ 108.

ಸುತ್ತ ನಿಂತವರಲ್ಲಿ ಸಲಹೆಗೆ ಬರವಿಲ್ಲ. ‘ಕೂಲಂಟ್ ಕಮ್ಮಿ ಆಗಿರ್ಬೇಕು ಅಣ್ಣ’ ಎನ್ನುತ್ತಾನೆ ಒಬ್ಬ. ‘ಸೆನ್ಸರ್ ಹೋಗಿದೆ ಮಗ, ಚೇಂಜ್ ಮಾಡ್ಸು’ ಎನ್ನುತ್ತಾನೆ ಇನ್ನೊಬ್ಬ. ‘ಥರ್ಮೋಸ್ಟಾಟ್ ವಾಲ್ವ್ ಕಿತ್ತಾಕ್ಸಿ ಸಾರ್, ಮತ್ತೆ ಹೀಟಾಗೋದೇ ಇಲ್ಲ’ ಎನ್ನುತ್ತಾರೆ ಅನುಭವಸ್ಥರಂತೆ ಕಾಣುವ ಮತ್ತೊಬ್ಬರು.

ಈ ಗೊಂದಲವನ್ನು ಬಿಡಿಸಲು ದೊಡ್ಡ ವಿದ್ಯೆ ಬೇಕಿಲ್ಲ, ಒಂದು ಕ್ರಮ ಬೇಕು. ಯಾವ ಭಾಗವನ್ನೂ ಬದಲಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಸಂಖ್ಯೆ ಎಂಜಿನ್‌ನ ಯಾವ ಜಾಗದ ಬಿಸಿಯನ್ನು ಹೇಳುತ್ತಿದೆ? ಅದನ್ನು ಹೇಳುತ್ತಿರುವ ಸೆನ್ಸರ್, ತಂತಿ, ಮೀಟರ್ ಮೂರೂ ನಂಬಿಕೆಗೆ ಅರ್ಹವೇ?

ಎಕ್ಸ್‌ಪ್ರೆಸ್‌ವೇ ತಂದ ಹೊಸ ಪರೀಕ್ಷೆ

ಕಾರನ್ನು ಮಾಡಿಫೈ ಮಾಡುವ ಹವ್ಯಾಸ ಕರ್ನಾಟಕಕ್ಕೆ ಹೊಸದಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ–1000 ರ‍್ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ, ಮೈಸೂರಿನ ಮೈದಾನಗಳಲ್ಲಿ ದೂಳೆಬ್ಬಿಸುವ ಆಟೊಕ್ರಾಸ್ ಸ್ಪರ್ಧೆಗಳು ತಲೆಮಾರುಗಳ ಮೆಕ್ಯಾನಿಕ್‌ಗಳನ್ನು ತಯಾರು ಮಾಡಿವೆ. ಮಾರುತಿ ಎಸ್ಟೀಮ್, ಜಿಪ್ಸಿಗಳ ಕಾಲದಿಂದ ಇಂದಿನ ಟರ್ಬೊ ಪೆಟ್ರೋಲ್ ಕಾರುಗಳವರೆಗೆ ಈ ಪರಂಪರೆ ಹರಿದುಬಂದಿದೆ. ಟ್ರ್ಯಾಕ್ ಮೇಲೆ ಓಡಿಸುವ ಆಸೆಯುಳ್ಳವರು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುತ್ತಾರೆ.

ಈಚೆಗೆ ಬದಲಾಗಿರುವುದು ರಸ್ತೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು ಉದ್ಘಾಟಿಸಿದರು. ಸುಮಾರು 118 ಕಿ.ಮೀ. ಉದ್ದದ ಈ ರಸ್ತೆಯಲ್ಲಿ ಕಾರು ಒಂದೇ ವೇಗದಲ್ಲಿ ನಿರಂತರವಾಗಿ ಓಡಬಲ್ಲದು. ಊರೂರಿನಲ್ಲಿ ನಿಂತು ಹೋಗುತ್ತಿದ್ದಾಗ ಕಾಣದಿದ್ದ ಕೂಲಿಂಗ್ ದೋಷಗಳು ಇಂಥ ಓಟದಲ್ಲಿ ಹೊರಬೀಳುತ್ತವೆ. ಬಳಿಕ ಸರ್ವಿಸ್ ರಸ್ತೆಗೆ ಇಳಿದು ಜನಸಂದಣಿಯಲ್ಲಿ ತೆವಳುವಾಗ ಇನ್ನೊಂದು ಬಗೆಯ ದೋಷ ಕಾಣಿಸಿಕೊಳ್ಳುತ್ತದೆ. ಮದ್ದೂರಿಗೆ ಬರುವಷ್ಟರಲ್ಲಿ ಕಾರು ಎರಡೂ ಪರೀಕ್ಷೆಗಳನ್ನು ಎದುರಿಸಿರುತ್ತದೆ.

ಬಿಸಿ ಸಾಗುವ ದಾರಿ

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಮಾತ್ರ ಕಾರನ್ನು ಓಡಿಸುತ್ತದೆ. ಇನ್ನೊಂದು ಭಾಗ ಸೈಲೆನ್ಸರ್ ಮೂಲಕ ಹೊಗೆಯೊಂದಿಗೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ಕೂಲಂಟ್ ಹೊತ್ತು ರೇಡಿಯೇಟರ್‌ಗೆ ತಂದು ಗಾಳಿಗೆ ಬಿಡಬೇಕು.

ಸಿಲಿಂಡರ್‌ಗಳ ಸುತ್ತ, ಅವುಗಳ ಮೇಲೆ ಕೂರುವ ಹೆಡ್ಡಿನ ಒಳದಾರಿಗಳಲ್ಲಿ ಹರಿದು ಬಿಸಿಯಾದ ಕೂಲಂಟ್ ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರ್ ಸೇರುತ್ತದೆ. ಅಲ್ಲಿ ತಣಿದು ಕೆಳಗಿನ ಪೈಪಿನಿಂದ ಮರಳುತ್ತದೆ. ವಾಟರ್ ಪಂಪ್ ಅದನ್ನು ದೂಡುತ್ತದೆ. ನಡುವೆ ಕಾವಲಿಗೆ ಥರ್ಮೋಸ್ಟಾಟ್ ಇದೆ. ಅದರೊಳಗಿನ ಮೇಣ ಒಂದು ಮಟ್ಟದ ಬಿಸಿಗೆ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ಹಲವು ಪೆಟ್ರೋಲ್ ಕಾರುಗಳಲ್ಲಿ ಇದು 82 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯತೊಡಗಿ, 95ರ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ.

ಎಂಜಿನ್‌ನ ಬಲ ಹೆಚ್ಚಿಸಿದರೆ ಹೊರಹಾಕಬೇಕಾದ ಬಿಸಿಯೂ ಹೆಚ್ಚುತ್ತದೆ. ರೀಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ), ದೊಡ್ಡ ಟರ್ಬೊ ಕೂರಿಸಿ, ರೇಡಿಯೇಟರನ್ನು ಮಾತ್ರ ಕಂಪನಿ ಕೊಟ್ಟದ್ದನ್ನೇ ಉಳಿಸಿಕೊಂಡರೆ, ಆ ರೇಡಿಯೇಟರ್ ತನ್ನ ಅಳತೆ ಮೀರಿದ ಕೆಲಸ ಮಾಡಬೇಕಾಗುತ್ತದೆ. ಅದರ ಮುಂದೆ, ಟರ್ಬೊ ಗಾಳಿಯನ್ನು ತಣಿಸುವ ದೊಡ್ಡ ಇಂಟರ್‌ಕೂಲರ್ ನಿಲ್ಲಿಸಿದರಂತೂ ರೇಡಿಯೇಟರ್‌ಗೆ ತಲುಪುವ ಗಾಳಿ ಮೊದಲೇ ಬಿಸಿಯಾಗಿರುತ್ತದೆ.

ಎಷ್ಟು ಡಿಗ್ರಿಯಾದರೆ ಅಪಾಯ?

ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಮಂಗಳೂರಿನಂಥ ಕಡಲ ಮಟ್ಟದ ಊರಿಗೆ ಸರಿ. ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಮದ್ದೂರಿನಲ್ಲಿ ನೀರು 98 ಡಿಗ್ರಿಗೆ ಸ್ವಲ್ಪ ಮೊದಲೇ ಕುದಿಯುತ್ತದೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಸುತ್ತ.

ಹಾಗಾದರೆ 108 ಡಿಗ್ರಿಯಲ್ಲೂ ಕಾರಿನ ಕೂಲಂಟ್ ಕುದಿಯದೆ ಇರುವುದು ಹೇಗೆ? ಕಾರಣ ಎರಡು. ಮೊದಲನೆಯದು ಒತ್ತಡ. ಕುಕ್ಕರಿನಲ್ಲಿ ಆಗುವುದೇ ಇಲ್ಲೂ ಆಗುತ್ತದೆ: ಮುಚ್ಚಳ ಬಿಗಿಯಾಗಿದ್ದಷ್ಟು ಕಾಲ ಕುದಿಯುವ ಬಿಂದು ಮೇಲೇರುತ್ತದೆ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಈ ಒತ್ತಡವನ್ನೇ. ಎರಡನೆಯದು ಕೂಲಂಟ್‌ನಲ್ಲಿರುವ ಗ್ಲೈಕಾಲ್. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆತ ದ್ರವ ಬಿಗಿಯಾದ ಮುಚ್ಚಳದಡಿ ಸುಮಾರು 125 ಡಿಗ್ರಿಯವರೆಗೂ ಕುದಿಯದೆ ತಡೆದುಕೊಳ್ಳುತ್ತದೆ.

ಇದರ ಅರ್ಥ ಸರಳ. ಮುಚ್ಚಳದ ರಬ್ಬರ್ ಸವೆದಿದ್ದರೆ, ಕೂಲಂಟ್ ಬದಲು ನೀರಷ್ಟೇ ಇದ್ದರೆ, 100 ಡಿಗ್ರಿ ತಲುಪುವ ಮೊದಲೇ ಕುದಿತ ಶುರುವಾಗಬಹುದು. ಎಲ್ಲವೂ ಸರಿಯಿರುವ ಇನ್ನೊಂದು ಕಾರಿನಲ್ಲಿ 105 ಡಿಗ್ರಿ ತೀರ ಸಹಜವಾಗಿರಬಹುದು. ಫೋಕ್ಸ್‌ವ್ಯಾಗನ್‌ನ 1.0 ಲೀಟರ್ ಟಿಎಸ್‌ಐ ಎಂಜಿನ್‌ನಲ್ಲಿ ಹೆಡ್‌ಗೊಂದು, ಬ್ಲಾಕ್‌ಗೊಂದು ಹೀಗೆ ಎರಡು ಥರ್ಮೋಸ್ಟಾಟ್ ಇವೆ. ಬ್ಲಾಕ್‌ನದು ತೆರೆಯುವುದೇ 100 ಡಿಗ್ರಿ ದಾಟಿದ ಮೇಲೆ. ಆದ್ದರಿಂದ ಗೆಳೆಯನ ಕಾರಿನ ಸಂಖ್ಯೆಯನ್ನು ನಮ್ಮ ಕಾರಿಗೆ ಹೋಲಿಸಿ ಗಾಬರಿಯಾಗುವುದು ಬೇಡ. ಹೋಲಿಸಬೇಕಾದದ್ದು ನಮ್ಮ ಕಾರು ಮಾಡಿಫೈ ಆಗುವ ಮುಂಚೆ ತೋರಿಸುತ್ತಿದ್ದ ಸಂಖ್ಯೆಯೊಂದಿಗೆ.

ಮೂರು ಮೀಟರು, ಮೂರು ಲೆಕ್ಕ

ಡ್ಯಾಶ್‌ಬೋರ್ಡಿನ ಮುಳ್ಳು ಇರುವುದು ಸಾಮಾನ್ಯ ಚಾಲಕರ ನೆಮ್ಮದಿಗೆ. ಬಿಸಿ ಐದಾರು ಡಿಗ್ರಿ ಏರಿಳಿದಾಗಲೆಲ್ಲ ಮುಳ್ಳು ಅಲುಗಿದರೆ ಜನ ಸರ್ವಿಸ್ ಸೆಂಟರ್‌ಗೆ ಓಡುತ್ತಾರೆಂದು ಕಂಪನಿಗಳು ಅದನ್ನು ಪಳಗಿಸಿವೆ. ಅನೇಕ ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿಯವರೆಗೆ ಮುಳ್ಳು ಅಲ್ಲಾಡದೆ ನಡುವೆ ನಿಂತಿರುತ್ತದೆ. ಅದು ಮೇಲೇರುವ ಹೊತ್ತಿಗೆ ಎಚ್ಚರಿಕೆಯ ಸಮಯ ಬಹುಪಾಲು ಕಳೆದಿರುತ್ತದೆ. ಎಷ್ಟೋ ಸಣ್ಣ ಕಾರುಗಳಲ್ಲಿ ಈ ಮುಳ್ಳೂ ಇಲ್ಲ, ಕೆಂಪು ದೀಪ ಮಾತ್ರ.

ಸ್ಕ್ಯಾನರ್ ಕೊಡುವುದು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು ನಂಬಿಕೊಂಡಿರುವ ಸಂಖ್ಯೆಯನ್ನು. 2013ರ ಏಪ್ರಿಲ್‌ನಿಂದ ನಮ್ಮಲ್ಲಿ ಕಾರುಗಳಿಗೆ ಓಬಿಡಿ–2 ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಅಗ್ಗದ ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಸಾಕು, ಮೊಬೈಲಿನಲ್ಲೇ ಓದಬಹುದು. ಇಸಿಯು ಫ್ಯಾನ್ ಹಾಕುವುದು, ಪೆಟ್ರೋಲ್ ಅಳೆಯುವುದು, ಸ್ಪಾರ್ಕ್ ಹೊಂದಿಸುವುದು ಎಲ್ಲವೂ ಈ ಸಂಖ್ಯೆಯನ್ನು ನೋಡಿಯೇ.

ಹೊರಗಿನಿಂದ ತಂದು ಕೂರಿಸಿದ ಮೀಟರಿಗೆ ತನ್ನದೇ ಸೆನ್ಸರ್ ಇರುತ್ತದೆ. ಅದನ್ನು ಎಲ್ಲಿ ಕೂರಿಸಿದ್ದಾರೆ ಎಂಬುದರ ಮೇಲೆ ಸಂಖ್ಯೆ ನಿಂತಿದೆ. ಹೆಡ್ಡಿನಿಂದ ಹೊರಬರುವ ಕೂಲಂಟ್‌ಗೂ ರೇಡಿಯೇಟರಿನಿಂದ ಮರಳುವ ಕೂಲಂಟ್‌ಗೂ ಹತ್ತು ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚಿನ ಅಂತರವಿರುತ್ತದೆ. ಒಂದು ಸೆನ್ಸರ್ ಹೆಡ್ಡಿನಲ್ಲಿ, ಇನ್ನೊಂದು ಕೆಳಗಿನ ಹೋಸಿನಲ್ಲಿ ಇದ್ದರೆ 108 ಮತ್ತು 96 ಎರಡೂ ನಿಜವಿರಬಹುದು.

ಸೆನ್ಸರ್ ಒಳಗೆ ನಡೆಯುವುದೇನು?

ಕೂಲಂಟ್ ಸೆನ್ಸರ್ ಎಂದರೆ ಬಿಸಿಯಾದಂತೆ ವಿದ್ಯುತ್ತಿಗೆ ತಡೆ ಕಡಿಮೆ ಮಾಡುವ ಒಂದು ಪುಟ್ಟ ಚೂರು. ಬಹಳಷ್ಟು ಕಾರುಗಳಲ್ಲಿ ಬಳಕೆಯಲ್ಲಿರುವ ಬಾಷ್ ಮಾದರಿಯದನ್ನು ತೆಗೆದುಕೊಂಡರೆ, 20 ಡಿಗ್ರಿಯಲ್ಲಿ ಅದರ ತಡೆ ಸುಮಾರು 2,500 ಓಮ್. 80 ಡಿಗ್ರಿಗೆ ಅದು 320ರ ಸುತ್ತ ಇಳಿಯುತ್ತದೆ. 100 ಡಿಗ್ರಿಗೆ ಸುಮಾರು 186. ಇಸಿಯು 5 ವೋಲ್ಟ್ ಕಳಿಸಿ, ಸೆನ್ಸರಿನ ಬಳಿ ಎಷ್ಟು ಉಳಿಯಿತು ಎಂದು ನೋಡಿ ಡಿಗ್ರಿ ಲೆಕ್ಕ ಹಾಕುತ್ತದೆ.

ಇದರಿಂದ ಎರಡು ಉಪಯುಕ್ತ ಗುರುತು ಸಿಗುತ್ತವೆ. ಸ್ಕ್ಯಾನರ್‌ನಲ್ಲಿ ಮೈನಸ್ 40 ಡಿಗ್ರಿ ಕಂಡರೆ ತಂತಿ ಕಡಿದಿದೆ ಅಥವಾ ಕನೆಕ್ಟರ್ ಬಿಚ್ಚಿಕೊಂಡಿದೆ. ಆಗ ಪಿ0118 ಎಂಬ ಕೋಡ್ ಬರುತ್ತದೆ. ಎಂಜಿನ್ ತಣ್ಣಗಿರುವಾಗಲೇ 130 ಡಿಗ್ರಿಗಿಂತ ಮೇಲೆ ತೋರಿಸಿದರೆ ತಂತಿ ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗಿದೆ. ಆಗಿನ ಕೋಡ್ ಪಿ0117. ಎರಡೂ ಸಂದರ್ಭದಲ್ಲಿ ಎಂಜಿನ್ನಿನ ನಿಜವಾದ ಬಿಸಿಗೂ ಆ ಸಂಖ್ಯೆಗೂ ಸಂಬಂಧವಿಲ್ಲ.

ಇನ್ನೊಂದು ಗುರುತು ಏರಿಕೆಯ ವೇಗ. ಐದು ಲೀಟರ್ ಕೂಲಂಟ್ ಒಂದು ಸೆಕೆಂಡಿನಲ್ಲಿ 20 ಡಿಗ್ರಿ ಬಿಸಿಯಾಗಬೇಕಾದರೆ ಸುಮಾರು 400 ಕಿಲೋವಾಟ್ ಶಾಖ ಬೇಕು. 1.0 ಲೀಟರ್ ಟಿಎಸ್‌ಐ ಪೋಲೊದ ಪೂರ್ಣ ಬಲವೇ 81 ಕಿಲೋವಾಟ್. ಆದ್ದರಿಂದ ಸಂಖ್ಯೆ 92ರಿಂದ 112ಕ್ಕೆ ನೆಗೆದು ಮರುಕ್ಷಣ ಇಳಿದರೆ ದೋಷ ತಂತಿ ಅಥವಾ ಕನೆಕ್ಟರಿನದು, ಇಲ್ಲವೇ ಸೆನ್ಸರಿನ ಬಳಿ ಹಬೆಯ ಗುಳ್ಳೆ ಹಾದುಹೋಗಿದೆ. ನಿಜವಾದ ಬಿಸಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಮೊಬೈಲ್ ಆ್ಯಪಿನಲ್ಲಿ ಸಂಖ್ಯೆಯ ಬದಲು ಗ್ರಾಫ್ ನೋಡುವ ಅಭ್ಯಾಸ ಈ ಕಾರಣಕ್ಕೇ ಒಳ್ಳೆಯದು.

ಎಲ್ಲಕ್ಕಿಂತ ಅಪಾಯದ ಸುಳ್ಳು ಬೇರೆಯದು. ಬಿಸಿಯಾಗಿದ್ದ ಎಂಜಿನ್‌ನ ಮುಳ್ಳು ಕಾರಣವಿಲ್ಲದೆ ಸರ್ರನೆ ಕೆಳಗಿಳಿದರೆ ಸಮಾಧಾನಪಡಬಾರದು. ಕೂಲಂಟ್ ಪೂರ್ತಿ ಸೋರಿ, ಸೆನ್ಸರ್ ಖಾಲಿ ಜಾಗದಲ್ಲಿ ನಿಂತಾಗ ಹೀಗಾಗುತ್ತದೆ. ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು.

ಅರ್ಥಿಂಗ್ ತಪ್ಪಿದರೆ

ಮಾಡಿಫೈ ಆದ ಕಾರುಗಳ ತಪ್ಪು ರೀಡಿಂಗ್‌ಗಳಲ್ಲಿ ದೊಡ್ಡ ಪಾಲು ವೈರಿಂಗಿನದು. ಒಂದೇ ತಂತಿಯ ಸೆನ್ಸರ್‌ಗಳು ಅರ್ಥಿಂಗ್‌ಗಾಗಿ ತಮ್ಮ ಹಿತ್ತಾಳೆಯ ಮೈಯನ್ನೇ ನಂಬಿರುತ್ತವೆ. ಸೋರದಿರಲೆಂದು ಥ್ರೆಡ್ಡಿಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೆ ಆ ಸಂಪರ್ಕ ದುರ್ಬಲವಾಗುತ್ತದೆ. ರಬ್ಬರ್ ಹೋಸ್ ಕತ್ತರಿಸಿ ನಡುವೆ ಅಡಾಪ್ಟರ್ ಕೂರಿಸಿದರೆ ಅರ್ಥಿಂಗ್ ಇರುವುದೇ ಇಲ್ಲ, ಅದಕ್ಕೆ ಬೇರೆ ತಂತಿ ಎಳೆಯಬೇಕು. ಸಂಪರ್ಕ ಕೆಟ್ಟಾಗ ತಡೆ ಹೆಚ್ಚುತ್ತದೆ. ತಡೆ ಹೆಚ್ಚಾದರೆ ಮೀಟರ್ ಇರುವುದಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಮೀಟರ್ ನೋಡಿ ನಿಶ್ಚಿಂತೆಯಿಂದ ಓಡಿಸುವ ಸ್ಥಿತಿ ಇದು.

ಇಸಿಯು ಸೆನ್ಸರಿನ ತಂತಿಗೇ ಹೊಸ ಮೀಟರಿನ ತಂತಿ ಸೇರಿಸುವುದು ಇನ್ನೊಂದು ತಪ್ಪು. ಆಗ ಎರಡೂ ಲೆಕ್ಕ ಕೆಡುತ್ತವೆ. ಬಿಸಿಯಾದ ಎಂಜಿನ್‌ನಲ್ಲಿ ಇಸಿಯು ನೋಡುವ ವೋಲ್ಟೇಜ್ ಅರ್ಧ ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ 0.1 ವೋಲ್ಟ್ ವ್ಯತ್ಯಾಸವಾದರೂ ಎಂಟು–ಹತ್ತು ಡಿಗ್ರಿ ಆಚೀಚೆಯಾಗಬಲ್ಲದು.

ಹೆಡ್‌ಲೈಟ್, ಎಸಿ, ಫ್ಯಾನ್ ಹಾಕಿದ ಕ್ಷಣದಲ್ಲೇ ಮೀಟರಿನ ಸಂಖ್ಯೆ ಬದಲಾದರೆ ಅದು ವೈರಿಂಗ್ ದೋಷವೇ. ಎಂಜಿನ್ ಚಾಲೂ ಇರುವಾಗ ಬ್ಯಾಟರಿಯ ಮೈನಸ್ ಮತ್ತು ಎಂಜಿನ್ ಬ್ಲಾಕ್ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ಅಲ್ಲಿ ವೋಲ್ಟೇಜ್ ಸೊನ್ನೆಗೆ ಹತ್ತಿರವಿರಬೇಕು. 0.1 ವೋಲ್ಟ್ ದಾಟಿದರೆ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಬೇಕು. ಮೀಟರ್ ಒಂದು ಕಂಪನಿಯದು, ಸೆನ್ಸರ್ ಇನ್ನೊಂದರದು ಆಗಿದ್ದರೂ ಲೆಕ್ಕ ಹೊಂದುವುದಿಲ್ಲ. ಎರಡನ್ನೂ ಜೋಡಿಯಾಗಿಯೇ ಕೊಳ್ಳಬೇಕು.

ಖರ್ಚಿಲ್ಲದ ಎರಡು ಪರೀಕ್ಷೆ

ಮೊದಲನೆಯದು ಬೆಳಗಿನ ಪರೀಕ್ಷೆ. ರಾತ್ರಿಯಿಡೀ ನೆರಳಿನಲ್ಲಿ ನಿಂತ ಕಾರಿನ ಎಂಜಿನ್, ಗಾಳಿ, ಕೂಲಂಟ್ ಎಲ್ಲದರ ಬಿಸಿಯೂ ಒಂದೇ ಆಗಿರುತ್ತದೆ. ಸ್ಟಾರ್ಟ್ ಮಾಡದೆ, ಕೀ ಮಾತ್ರ ತಿರುಗಿಸಿ ಸ್ಕ್ಯಾನರ್‌ನಲ್ಲಿ ಕೂಲಂಟ್ ಮತ್ತು ಒಳಬರುವ ಗಾಳಿ ಎರಡರ ಸಂಖ್ಯೆ ಓದಿ. ಎರಡು–ಮೂರು ಡಿಗ್ರಿಯೊಳಗೆ ಹೊಂದಿದರೆ ಸೆನ್ಸರ್ ಕೆಳಮಟ್ಟದಲ್ಲಿ ಸರಿಯಿದೆ. ಕೂಲಂಟ್ ಮಾತ್ರ ಹತ್ತು ಡಿಗ್ರಿ ಆಚೆ ನಿಂತಿದ್ದರೆ ಬಿಸಿಯ ವಿಚಾರಕ್ಕೆ ಹೋಗುವ ಮೊದಲು ಸೆನ್ಸರ್, ವೈರಿಂಗ್ ನೋಡಬೇಕು.

ಎರಡನೆಯದು ಪಾತ್ರೆಯ ಪರೀಕ್ಷೆ. ಸೆನ್ಸರ್ ಬಿಚ್ಚಿ, ಕುದಿಯುವ ನೀರಿನಲ್ಲಿ ಅದ್ದಿ, ಮಲ್ಟಿಮೀಟರಿನಲ್ಲಿ ಓಮ್ ಅಳೆಯುವುದು. ಮದ್ದೂರು, ಮಂಡ್ಯ, ಮಳವಳ್ಳಿಯ ಸೀಮೆಯಲ್ಲಿ ಕುದಿಯುವ ನೀರನ್ನು 100 ಎಂದು ಹಿಡಿಯದೆ 98 ಎಂದು ಹಿಡಿಯಬೇಕು. ಥರ್ಮೋಸ್ಟಾಟನ್ನೂ ಇದೇ ಪಾತ್ರೆಯಲ್ಲಿ ತೂಗುಬಿಟ್ಟು, ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು, ಎಷ್ಟಕ್ಕೆ ತೆರೆಯುತ್ತದೆ ಎಂದು ಕಣ್ಣಾರೆ ಕಾಣಬಹುದು.

ಇನ್‌ಫ್ರಾರೆಡ್ ಗನ್ ಇರುವವರು ಒಂದು ಎಚ್ಚರ ವಹಿಸಬೇಕು. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಕವಚದ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಗುರಿ ಹಿಡಿದರೆ ನಂಬುವಂಥ ಸಂಖ್ಯೆ ಸಿಗುತ್ತದೆ.

ಬಿಸಿ ನಿಜವೇ ಆಗಿದ್ದರೆ

ರೀಡಿಂಗ್ ಸರಿಯೆಂದು ಖಚಿತವಾದ ಮೇಲೆ ಬರುವ ಪ್ರಶ್ನೆ, ಬಿಸಿ ಏರುವುದು ಯಾವಾಗ ಎಂಬುದು.

ಟೋಲ್ ಸಾಲಿನಲ್ಲಿ, ಸಂತೆಯ ದಿನದ ಪೇಟೆಬೀದಿಯಲ್ಲಿ ನಿಂತಾಗ ಏರಿ, ಓಡತೊಡಗಿದಾಗ ಇಳಿದರೆ ಗಾಳಿಯ ಕೊರತೆ. ಫ್ಯಾನ್ ತಿರುಗುತ್ತಿದೆಯೇ, ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ ನೋಡಬೇಕು. ಹೊಸ ಫ್ಯಾನ್ ಜೋಡಿಸುವಾಗ ಪ್ಲಸ್, ಮೈನಸ್ ಅದಲುಬದಲಾದರೆ ಗಾಳಿ ಹಿಮ್ಮುಖವಾಗುತ್ತದೆ. ಜಾಗ ಸಾಲದೆಂದು ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಕವಚ ತೆಗೆದಿದ್ದರೆ ಗಾಳಿ ರೇಡಿಯೇಟರ್ ಮೂಲಕ ಹಾಯದೆ ಪಕ್ಕದಿಂದ ನುಸುಳುತ್ತದೆ.

ಊರೊಳಗೆ ಸರಿಯಿದ್ದು, 100 ಕಿ.ಮೀ. ವೇಗದಲ್ಲಿ ಹತ್ತು ನಿಮಿಷ ಓಡಿದಾಗ ಏರಿದರೆ ಹರಿವಿನ ಕೊರತೆ. ಒಳಗೆ ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ರೆಕ್ಕೆ ಸವೆದ ವಾಟರ್ ಪಂಪ್, ಎಳೆತಕ್ಕೆ ಒಳಕ್ಕೆ ಕುಸಿಯುವ ಕೆಳಗಿನ ಹೋಸ್ ಇವುಗಳಲ್ಲೊಂದು ಕಾರಣವಿರುತ್ತದೆ. ಗ್ರಿಲ್ ಮುಂದೆ ಹೆಚ್ಚುವರಿ ಲೈಟು, ಹಾರ್ನು ಕಟ್ಟಿ ಗಾಳಿಯ ದಾರಿ ಮುಚ್ಚಿದ್ದರೂ ಹೀಗಾಗುತ್ತದೆ.

ಓಡುವಾಗ 70 ಡಿಗ್ರಿಗೆ ಇಳಿದು, ನಿಂತಾಗ ಏರಿದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಅಥವಾ ಇಲ್ಲವೇ ಇಲ್ಲ. ಪಿ0128 ಕೋಡ್ ಹೇಳುವುದು ಇದನ್ನೇ.

ಮೂರರಲ್ಲಿ ಯಾವುದೂ ಅಲ್ಲದೆ, ಕೂಲಂಟ್ ಮತ್ತೆ ಮತ್ತೆ ಕಡಿಮೆಯಾಗುತ್ತ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದೊಡನೆ ಟ್ಯಾಂಕಿನಲ್ಲಿ ನಿರಂತರ ಗುಳ್ಳೆ ಬಂದರೆ ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಒಡೆದಿರುವ ಅನುಮಾನ ಬರಬೇಕು. ಟರ್ಬೊ ಒತ್ತಡ ಏರಿಸಿದ ಎಂಜಿನ್‌ಗಳಲ್ಲಿ ಇದು ಅಪರೂಪವಲ್ಲ. ಉರಿದ ಅನಿಲ ಕೂಲಂಟ್‌ಗೆ ಸೇರುತ್ತಿದೆಯೇ ಎಂದು ತಿಳಿಯಲು ನೀಲಿಯಿಂದ ಹಳದಿಗೆ ತಿರುಗುವ ದ್ರಾವಣದ ಪರೀಕ್ಷೆಯಿದೆ. ಎಂಜಿನ್ ಬಿಚ್ಚುವ ಮೊದಲು ಅದನ್ನು ಮಾಡಿಸಿ.

ಥರ್ಮೋಸ್ಟಾಟ್ ಕೀಳುವ ಚಾಳಿ

ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಕೇಳಿಬರುವ ಮೊದಲ ಪರಿಹಾರ ಥರ್ಮೋಸ್ಟಾಟ್ ಕಿತ್ತುಹಾಕುವುದು. ಕಾರ್ಬ್ಯುರೇಟರ್ ಕಾಲದ ಅಂಬಾಸಡರ್, ಜೀಪುಗಳಲ್ಲಿ ಇದರಿಂದ ತಾತ್ಕಾಲಿಕ ಬಿಡುಗಡೆ ಸಿಗುತ್ತಿತ್ತು. ಇಂದಿನ ಕಾರಿಗೆ ಅದು ಹಾನಿ.

ಎಂಜಿನ್ ತಕ್ಕ ಬಿಸಿಗೆ ಏರದಿದ್ದರೆ ಇಸಿಯು ಅದನ್ನು ಇನ್ನೂ ತಣ್ಣಗಿರುವ ಎಂಜಿನ್ ಎಂದೇ ಭಾವಿಸಿ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲನ್ನು ತೆಳುಮಾಡುತ್ತದೆ, ರಿಂಗ್‌ಗಳು ಬೇಗ ಸವೆಯುತ್ತವೆ. ಇನ್ನೂ ಒಂದು ಸಂಗತಿ ಇದೆ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಬದಿಯ ತಟ್ಟೆ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಆ ದಾರಿ ಸದಾ ತೆರೆದಿದ್ದು, ಕೂಲಂಟ್‌ನ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ಎಂಜಿನ್‌ಗೆ ಮರಳುತ್ತದೆ. ತಂಪಾಗಲೆಂದು ಕಿತ್ತದ್ದು ಭಾರದ ಓಟದಲ್ಲಿ ಬಿಸಿಗೇ ಕಾರಣವಾಗುತ್ತದೆ.

ಮಂಡ್ಯ ಸೀಮೆಯ ನೀರು, ಹುಲ್ಲು

ಈ ಭಾಗದ ಕಾರುಗಳಿಗೆ ಎರಡು ಸ್ಥಳೀಯ ತೊಂದರೆಗಳಿವೆ. ಒಂದು ಬೋರ್‌ವೆಲ್ ನೀರು. ಗಡಸು ನೀರಿನ ಲವಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ, ಸೆನ್ಸರಿನ ತುದಿಯಲ್ಲಿ ಪದರ ಕಟ್ಟುತ್ತದೆ. ಪದರ ಕಟ್ಟಿದ ಸೆನ್ಸರ್ ಬಿಸಿಯನ್ನು ತಡವಾಗಿ ಹೇಳುತ್ತದೆ. ಆದ್ದರಿಂದ ಕೂಲಂಟ್ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಬೇಕು. ಕಂಪನಿ ಹೇಳಿದ ಕೂಲಂಟ್‌ಗೆ ಬೇರೆ ಜಾತಿಯದನ್ನು ಬೆರೆಸಬಾರದು. ಬಣ್ಣ ಒಂದೇ ಇದ್ದರೂ ಒಳಗಿನ ರಾಸಾಯನಿಕ ಬೇರೆಯಿರಬಹುದು, ಬೆರೆತು ಲೋಳೆಯಾಗಲೂಬಹುದು.

ಇನ್ನೊಂದು ಒಕ್ಕಣೆ. ಸುಗ್ಗಿಯ ದಿನಗಳಲ್ಲಿ ಮದ್ದೂರು, ಮಳವಳ್ಳಿಯ ಹಳ್ಳಿರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ನೆಲಕ್ಕೆ ತಗ್ಗಿಸಿದ ಕಾರು ಅದರ ಮೇಲೆ ಹಾದಾಗ ಹುಲ್ಲು, ಬಳ್ಳಿ ಅಡಿಭಾಗಕ್ಕೆ ಸುತ್ತಿಕೊಳ್ಳುತ್ತದೆ. ಅದು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಕಬ್ಬಿನ ಲಾರಿ, ಟ್ರ್ಯಾಕ್ಟರುಗಳಿಂದ ಉದುರಿದ ತರಗು, ದೂಳು ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವಿನ ಸಂದಿಯಲ್ಲಿ ಸೇರಿ ಗಾಳಿ ತಡೆಯುತ್ತವೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಎರಡನ್ನೂ ಬೇರ್ಪಡಿಸಿ ತೊಳೆಯಬೇಕು.

ಯಾವುದೇ ಕೆಲಸದ ನಂತರ ಕೂಲಂಟ್ ತುಂಬಿಸುವಾಗ ಒಳಗೆ ಗಾಳಿ ಉಳಿಯದಂತೆ ಬ್ಲೀಡ್ ಮಾಡಿಸುವುದೂ ಅಷ್ಟೇ ಮುಖ್ಯ. ಕಾರಿನ ಮೂತಿಯನ್ನು ಎತ್ತರಕ್ಕೆ ನಿಲ್ಲಿಸಿ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ತಾಳ್ಮೆಯಿಂದ ತುಂಬಿಸಬೇಕು.

ದಾರಿಯಲ್ಲಿ ಕುದಿದರೆ

ಸಂಖ್ಯೆ ಏರುತ್ತಿದೆ ಎನಿಸಿದೊಡನೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಒಳಗೆ ಸೆಖೆಯಾದರೂ ಎಂಜಿನ್‌ನ ಬಿಸಿ ಸ್ವಲ್ಪ ಹೊರಬೀಳುತ್ತದೆ. ಇಳಿಯದಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಎಕ್ಸ್‌ಪ್ರೆಸ್‌ವೇ ಮೇಲಾದರೆ ಹಜಾರ್ಡ್ ಲೈಟ್ ಹಾಕಿ, ಎಲ್ಲರೂ ಕಾರಿನಿಂದ ಇಳಿದು ತಡೆಗೋಡೆಯಾಚೆ ನಿಂತು, ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಗೆ ಕರೆ ಮಾಡಿ.

ಬಿಸಿ ಇರುವಾಗ ಮುಚ್ಚಳ ತೆರೆಯಬೇಡಿ. ಒತ್ತಡ ತಪ್ಪಿದೊಡನೆ ಒಳಗಿನದು ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯಬಹುದು. ಮೇಲಿನ ಹೋಸ್ ಮುಟ್ಟುವಷ್ಟು ತಣಿದು ಮೆತ್ತಗಾದ ಮೇಲಷ್ಟೇ ಮುಚ್ಚಳಕ್ಕೆ ಕೈ ಹಾಕಿ.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ ₹5,000 ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಎಕ್ಸ್‌ಪ್ರೆಸ್‌ವೇಯ ವೇಗಮಿತಿ ಗಂಟೆಗೆ 100 ಕಿ.ಮೀ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ದಾಖಲಾಗುತ್ತಿದೆ. ಎಂಜಿನ್‌ನ ಪೂರ್ಣ ಬಲದಲ್ಲಿ ಕೂಲಿಂಗ್ ಪರೀಕ್ಷಿಸಬೇಕೆಂದರೆ ಅದಕ್ಕೆ ತಕ್ಕ ಜಾಗ ರೇಸ್ ಟ್ರ್ಯಾಕ್, ಸಾರ್ವಜನಿಕ ರಸ್ತೆಯಲ್ಲ.

ಮೊದಲ ಖರ್ಚು ಯಾವುದಕ್ಕೆ?

ಕಾರಿನ ಮೇಲೆ ಪ್ರೀತಿಯಿಟ್ಟು ದುಡಿದ ಹಣ ಸುರಿಯುವ ಹುಡುಗರು ನಮ್ಮ ಮಂಡ್ಯ ಜಿಲ್ಲೆಯಲ್ಲೂ ಹೆಚ್ಚುತ್ತಿದ್ದಾರೆ. ಅವರಿಗೆ ಹೇಳುವುದಿಷ್ಟು. ರೀಮ್ಯಾಪ್, ಟರ್ಬೊ, ಸೈಲೆನ್ಸರ್ ಯಾವುದಕ್ಕೂ ಮೊದಲು ಒಂದು ಸ್ಕ್ಯಾನರ್, ಒಂದು ಮಲ್ಟಿಮೀಟರ್ ಕೊಂಡುಕೊಳ್ಳಿ. ಕಾರು ಕಂಪನಿಯಿಂದ ಬಂದಂತೆ ಇರುವಾಗಲೇ ಬೆಳಗಿನ ತಣ್ಣನೆಯ ರೀಡಿಂಗ್, ಊರೊಳಗಿನದು, ಹೆದ್ದಾರಿಯದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಬಲ ಹೆಚ್ಚಿಸುವ ಮೊದಲೇ ರೇಡಿಯೇಟರ್, ಮುಚ್ಚಳ, ಹೋಸ್, ಫ್ಯಾನ್ ಸರಿಪಡಿಸಿ. ಎರಡು ಸ್ವತಂತ್ರ ಅಳತೆಗಳು ಒಂದೇ ಮಾತು ಹೇಳುವ ತನಕ ಯಾವ ಭಾಗವನ್ನೂ ಬದಲಿಸಬೇಡಿ, ಯಾರು ಎಷ್ಟೇ ಹೇಳಿದರೂ ಥರ್ಮೋಸ್ಟಾಟ್ ಕೀಳಿಸಬೇಡಿ. ಒಂದು ಸೆನ್ಸರಿನ ಬೆಲೆ ನೂರರ ಲೆಕ್ಕದ್ದು, ಬೆಂಡಾದ ಹೆಡ್ಡಿನ ರಿಪೇರಿ ಹತ್ತಾರು ಸಾವಿರದ್ದು.